ಹೊಳೆಯವನು ಕಡಲಿಗೆ ಹೋದ ಪ್ರಕರಣ

2025ರ ಜುಲೈ 28, ಸೋಮವಾರ ಬೆಳಿಗ್ಗೆ ಗಾದಿಲಿಂಗಮ್ಮ ಆಂಧ್ರದ ಗಡಿಯ ಮಾಧವರಂ ಠಾಣೆಗೆ ಬಂದು ದೂರು ಕೊಟ್ಟಳು. ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದ ಗಂಡ ಲಾಲಪ್ಪ, ಅವಳ ತಮ್ಮ ಹುಲಿಗೇಶ, ಇಬ್ಬರೂ ಯುಗಾದಿ ಮುಗಿಸಿ ಅಂಡಮಾನಿನ ರೆಸಾರ್ಟೊಂದಕ್ಕೆ ಕೆಲಸಕ್ಕೆ ಹೋಗಿದ್ದರು. ಗಂಡನ ಮೊಬೈಲಿನಿಂದ ಮೆಸೇಜು ಬರುತ್ತಿದೆ, ದನಿ ಮಾತ್ರ ಬರುತ್ತಿಲ್ಲ.

“ಕಾಲ್ ಮಾಡಿದೇನಮ್ಮ?” ಇನ್ಸ್‌ಪೆಕ್ಟರ್ ಬಸವಪ್ರಸಾದ್ ಕೇಳಿದರು.

“ಎತ್ತಂಗಿಲ್ರಿ. ಸಿಗ್ನಲ್ ಲೇದು ಅಂತ ಬರೀತಾನ. ಎರಡು ತಿಂಗಳಾತು. ತಮ್ಮಂದೂ ಸ್ವಿಚ್ಡ್ ಆಫ್. ನನ್ನ ಗಂಡ ಅದಾನೋ ಇಲ್ಲೋ, ಅಷ್ಟು ಹೇಳ್ರಿ ಸಾರ್.”

ಎಫ್‌ಐಆರ್ ದಾಖಲಾಯಿತು. ಆದರೆ ಹೊಳೆ ದಾಟಿದರೆ ರಾಯಚೂರು ಪೊಲೀಸರನ್ನು ಕೇಳಬೇಕಾದ ಠಾಣೆ, ಕಡಲು ದಾಟುವುದೆಲ್ಲಿ ಬಂತು! ಕಾನ್‌ಸ್ಟೇಬಲ್ ಪ್ರತಿಮಾ ರೆಸಾರ್ಟಿನ ವಿಡಿಯೋ ಹುಡುಕಿದಳು. ಬಿದಿರಿನ ಮನೆಗಳು, ಪ್ಲಾಸ್ಟಿಕ್ ಇಲ್ಲ, ಜನರೇಟರ್ ಇಲ್ಲ. ಪರಿಸರ ಕೆಡಬಾರದೆಂದು ಅತಿಥಿಗಳನ್ನು ದ್ವೀಪದಿಂದ ದ್ವೀಪಕ್ಕೆ ಒಯ್ಯುವುದೂ ಎಂಜಿನ್ನಿಲ್ಲದ ಹಾಯಿದೋಣಿಯಲ್ಲೇ. ಅಲ್ಲಿನ ಮ್ಯಾನೇಜರ್, ಇಬ್ಬರೂ ಕೆಲಸ ಬಿಟ್ಟು ಹೋದರೆಂದು ಹೇಳಿ ಫೋನ್ ಇಟ್ಟ. ಅಲ್ಲಿಯ ಪೊಲೀಸರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ಗುರುವಾರ ಟವರ್ ಮಾಹಿತಿ ಬಂತು. ಮೆಸೇಜುಗಳು ಹತ್ತಿರದ ಕೋಸಗಿಯಿಂದ ಹೋಗುತ್ತಿದ್ದವು.

“ಅಂಡಮಾನು ಇಷ್ಟು ಹತ್ರ ಐತೇನ್ ಸಾರ್?” ಎಂದಳು ಪ್ರತಿಮಾ. ಯಾರಿಗೂ ನಗು ಬರಲಿಲ್ಲ.

ಕೋಸಗಿ ರೈಲ್ವೆ ಸ್ಟೇಷನ್ ಹಿಂದಿನ ಬಾಡಿಗೆ ಕೋಣೆಯಲ್ಲಿ ಹುಲಿಗೇಶ ಸಿಕ್ಕ. ದಿಂಬಿನ ಕೆಳಗೆ ಲಾಲಪ್ಪನ ಮೊಬೈಲಿತ್ತು. ಪಂಚರ ಎದುರು ಪಂಚನಾಮೆ ಮಾಡಿ ಅದನ್ನು ವಶಕ್ಕೆ ಪಡೆದರು.

“ಲಾಲಪ್ಪ ಎಲ್ಲಿ?”

“ನೀರಾಗ, ಸಾರ್.”

“ಯಾವಾಗ?”

“ಮೇ ಕಡೀಕ. ಫೋನ್ ನನ್ನ ಕೈಯಾಗ ಕೊಟ್ಟು ಹೋಗಿದ್ದ, ಗೆಸ್ಟ್‌ಗಳ್ನ ಇನ್ನೊಂದು ದ್ವೀಪಕ್ಕ ಬಿಟ್ಟು ಖಾಲಿ ಬೋಟ್ ತರಾಕತ್ತಿದ್ದ. ಗಾಳಿ ಎದ್ದಿತು. ಹಾಯಿ ಇಳಿಸಾಕ ಬರಲಿಲ್ಲ. ನಾ ದಡದಾಗ ನಿಂತು ನೋಡೀನಿ.”

“ಹಾಯಿ ಗೊತ್ತಿಲ್ಲದವನಿಗೆ ಬೋಟ್ ಹೆಂಗ ಕೊಟ್ರು?”

“ಕಡಲಾಗ ಹತ್ತು ವರ್ಷ ನಡಿಸ್ಯಾನ ಅಂತ ನಾನೇ ಸುಳ್ಳು ಸರ್ಟಿಫಿಕೇಟ್ ಮಾಡಿಸಿದ್ದೆ. ಭಾವ ಬ್ಯಾಡ ಅಂದ. ನೀರೆಲ್ಲಾ ನೀರೇ ಅಲ್ಲೇನು ಅಂದೆ.”

“ಮನೀಗೆ ಯಾಕ ಹೇಳಲಿಲ್ಲ?”

ಹೊಳೆಯಲ್ಲಿ ಮುಳುಗಿದವನು ಮೂರನೆಯ ದಿನ ಕೆಳಗಿನ ತಿರುವಿನಲ್ಲಿ ತೇಲುತ್ತಾನೆ. ಮಾಧವರಂನಲ್ಲಿ ಎಲ್ಲರೂ ಅಲ್ಲೇ ಹೋಗಿ ಕಾಯುತ್ತಾರೆ. ಹುಲಿಗೇಶ ಕಡಲಿನ ದಡದಲ್ಲೂ ಹಾಗೆಯೇ ಕಾದಿದ್ದ. ವಾರ ಕಳೆದ ಮೇಲೆ ರೆಸಾರ್ಟಿನವರು, ಬಾಯಿ ಬಿಟ್ಟರೆ ನೀನೇ ಒಳಗೆ ಹೋಗುತ್ತೀ ಎಂದು ಹಡಗು ಹತ್ತಿಸಿದ್ದರು.

“ಹೆಣ ಸಿಕ್ಕ ಮ್ಯಾಲೆ ಹೇಳಿದ್ರಾತು ಅಂತ ಒಂದು ಮೆಸೇಜ್ ಹಾಕಿದೆ ಸಾರ್. ಆಮ್ಯಾಲೆ ನಿಲ್ಲಿಸಾಕ ಆಗಲಿಲ್ಲ. ಬರಿಗೈಲೆ ಹೋಗಿ ಅಕ್ಕಗ ಏನು ತೋರಿಸ್ಲಿ?”

ಸಂಜೆ ಆರಕ್ಕೆ ಬಂಧನ ತೋರಿಸಲಾಯಿತು: ಸುಳ್ಳು ದಾಖಲೆ, ನಿರ್ಲಕ್ಷ್ಯದಿಂದ ಸಾವು. ಮ್ಯಾನೇಜರನ ಹೆಸರನ್ನೂ ವರದಿಯಲ್ಲಿ ಸೇರಿಸಿದರು. ಆ ಕಾಗದ ಕಡಲು ದಾಟಿ ಅವನ ಕೈಗೆ ಕೋಳ ಹಾಕುವುದಿಲ್ಲವೆಂದು ಬಸವಪ್ರಸಾದರಿಗೆ ಗೊತ್ತಿತ್ತು, ಅದಕ್ಕೆ ಮೈ ಉರಿಯುತ್ತಿತ್ತು. ಸುಳ್ಳು ಸರ್ಟಿಫಿಕೇಟ್ ಯಾಕೆ ಎಂಬುದೂ ಹೇಳಿಕೆಯಲ್ಲಿತ್ತು: ಹುಲಿಗೇಶನಿಗೆ ಅಡುಗೆಮನೆಯ ಕೆಲಸ ಮೊದಲೇ ಸಿಕ್ಕಿತ್ತು. ಅಷ್ಟು ನೀರಿನ ನಡುವೆ ಒಬ್ಬನೇ ಇರಲು ಹೆದರಿ, ತನ್ನವರೊಬ್ಬರು ಜೊತೆಗಿರಲಿ ಎಂದು ಭಾವನನ್ನು ಎಳೆದೊಯ್ದಿದ್ದ. ಇಷ್ಟೇ.

ಗಾದಿಲಿಂಗಮ್ಮ ಎಲ್ಲವನ್ನೂ ನಿಂತೇ ಕೇಳಿದಳು.

“ಸತ್ತಾನ ಅಂತ ಬರಕೊಡ್ತೀರೇನ್ರಿ?”

“ನಾವು ಕೊಡಾಕ ಬರಲ್ಲಮ್ಮ. ಅಂಡಮಾನಿನವರು ಒಪ್ಪಬೇಕು. ಒಪ್ಪದಿದ್ರ ಏಳು ವರ್ಷದ ತನಕ ಕಾನೂನಿಗೆ ಅವ ಕಾಣೆಯಾದವನೇ.”

“ಮತ್ತ ನಾಳೆ ಮುಂಜಾನಿ ಕುಂಕುಮ ಇಟ್ಕೊಳ್ಲೇನ್ರಿ, ಬ್ಯಾಡೇನ್ರಿ?”

ಬಸವಪ್ರಸಾದರು ಪ್ರತಿಮಾಳ ಮುಖ ನೋಡಿದರು. ಅವಳು ತನ್ನ ಕುರ್ಚಿಯನ್ನು ಗಾದಿಲಿಂಗಮ್ಮನ ಕಡೆ ಸರಿಸಿದಳು. ಆಕೆ ಕೂರಲಿಲ್ಲ.