ಹುಳದ ಮೇಷ್ಟ್ರು ಬರೆದ ಪ್ರಶ್ನೆಗಳು

"ಮೇಷ್ಟ್ರೇ, ಹತ್ತು ಪ್ರಶ್ನೆ ಬರ್ಕೊಟ್ಟಿದ್ದೀರ. ಹತ್ತಕ್ಕೂ ಒಂದೇ ಉತ್ತರ ಬರ್ತೈತಲ್ಲ, ಇದೇನು ಹಿಂಗೆ?"

ಗೋಣಿಪರದೆಯ ಆಚೆಯಿಂದ ಆ ದನಿ ಬಂದದ್ದೇ ತಡ, ಜಗುಲಿಯ ಮೇಲೆ ಕೂತಿದ್ದ ಆವುಲಪ್ಪನ ಕೈಯಲ್ಲಿನ ಮಜ್ಜಿಗೆ ಲೋಟ ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತು.

"ಏನು ಉತ್ತರ?" ಎಂದ, ಏನೂ ಅರಿಯದವನ ಹಾಗೆ.

"ಕೋಲಾರ. ಮೊದಲ್ನೇದಕ್ಕೂ ಕೋಲಾರ, ಕಡೇದಕ್ಕೂ ಕೋಲಾರ."

ಪರದೆ ನಾಲ್ಕು ಬೆರಳಿನಷ್ಟು ಸರಿಯಿತು. ಆ ಸಂದಿಯಲ್ಲಿ ಒಂದು ಕಣ್ಣು, ಕಿವಿಯ ಮೇಲಿನ ಕೂದಲಿಗೆ ಸಿಕ್ಕಿಕೊಂಡ ಹಿಪ್ಪುನೇರಳೆಯ ಎಲೆಚೂರು, ಸೊಪ್ಪು ಹೆಚ್ಚಿ ಹೆಚ್ಚಿ ಹಸಿರಾದ ಎರಡು ಬೆರಳು. ಇಡೀ ಗಂಗುಲಮ್ಮನನ್ನು ಅವನು ನೋಡಿ ಒಂದು ವಾರವಾಗಿತ್ತು.

ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಹುಳು ಹಸಿದು ಮೇಯುವಾಗ ಹೊರಗಿನವರು ಹುಳುಮನೆಯ ಹೊಸ್ತಿಲು ದಾಟಬಾರದು; ಸೊಪ್ಪು ಹಾಕುವವರು ಬೀದಿಗೆ ಇಳಿಯಬಾರದು. ಚಿಂತಾಮಣಿ ರಸ್ತೆಯ ಹಳ್ಳಿಹಳ್ಳಿಗೂ ಈ ಕಟ್ಟಳೆಯನ್ನು ಕಲಿಸಿದವನು ಆವುಲಪ್ಪನೇ. ಶಿಡ್ಲಘಟ್ಟದ ರೇಷ್ಮೆ ಇಲಾಖೆಯಿಂದ ಬುಧವಾರಕ್ಕೊಮ್ಮೆ, ಶನಿವಾರಕ್ಕೊಮ್ಮೆ ಸೈಕಲ್ ಮೇಲೆ ಬರುವ ಅವನನ್ನು ಜನ ಹುಳದ ಮೇಷ್ಟ್ರು ಎನ್ನುತ್ತಿದ್ದರು. ತಾನು ಕಲಿಸಿದ ಕಟ್ಟಳೆ ತನಗೇ ಬೇಲಿಯಾದೀತೆಂದು ಅವನು ಎಣಿಸಿರಲಿಲ್ಲ.

ಗಂಗುಲಮ್ಮ, ಅಜ್ಜಿ ಆಂಜಿನಮ್ಮನೇ ಸಾಕಿದ ಮೊಮ್ಮಗಳು. ಕೋಲಾರದ ಅತ್ತೆಯ ಮನೆಯಲ್ಲಿದ್ದುಕೊಂಡು ಪಿಯುಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿ, ವರ್ಷದಿಂದ ಊರಲ್ಲೇ ಅಜ್ಜಿಯ ಹುಳು ನೋಡಿಕೊಳ್ಳುತ್ತಿದ್ದಳು. ಮುಂದೆ ಎರಡು ದಾರಿ. ಕೋಲಾರದಲ್ಲೇ ಬಿ.ಎ. ಓದಿದರೆ ಶನಿವಾರ ಶನಿವಾರ ಊರಿಗೆ ಬರಬಹುದು. ಬೆಂಗಳೂರಿನಲ್ಲಿ ಬಿ.ಎಸ್ಸಿ., ಪ್ರಾಣಿಶಾಸ್ತ್ರ ಹಿಡಿದರೆ ಹಾಸ್ಟೆಲು. ದಸರೆಗೊಮ್ಮೆ, ಯುಗಾದಿಗೊಮ್ಮೆ ಮುಖ ಕಂಡರೆ ಕಂಡಂತೆ. ಅರ್ಜಿ ಈ ಶನಿವಾರದೊಳಗೆ ಅಂಚೆಗೆ ಬೀಳಬೇಕು. "ಡಿಗ್ರಿ ಆರಿಸ್ಕೊಳ್ಳೋವಾಗ ಏನೇನು ಕೇಳ್ಕೋಬೇಕು, ಬರ್ಕೊಡಿ ಮೇಷ್ಟ್ರೇ" ಎಂದು ಅವಳೇ ಕೇಳಿದ್ದಳು. ಆಫೀಸಿನಲ್ಲಿ ಮೂರು ಹಾಳೆ ಹರಿದು, ನಾಲ್ಕನೆಯದರಲ್ಲಿ ಅವನು ಬರೆದು ತಂದಿದ್ದ.

ಅದನ್ನೇ ಅವಳು ಈಗ ಶಾಲೆಯ ಹುಡುಗಿಯಂತೆ ರಾಗವಾಗಿ ಓದತೊಡಗಿದಳು.

"ಒಂದು. ಶನಿವಾರ ಸಂಜೆ ಊರು ಸೇರಲು ರೈಲಿನ ಅನುಕೂಲವಿದೆಯೇ? ಐದು. ಅಜ್ಜಿಗೆ ಮೈ ಸರಿಯಿಲ್ಲದಿದ್ದರೆ ಅರ್ಧ ದಿನದಲ್ಲಿ ತಲುಪಬಹುದೇ? ಎಂಟು. ಊರಿನ ಗಾಳಿ, ನೀರು, ಜನರನ್ನು ಬಿಟ್ಟಿರುವ ಶಕ್ತಿ ನಿನಗಿದೆಯೇ?" ಓದು ನಿಂತಿತು. "ಜನ ಅಂದ್ರೆ ಯಾರು ಮೇಷ್ಟ್ರೇ?"

"ಅಜ್ಜಿ."

"ಅಜ್ಜಿ ಐದನೇದ್ರಲ್ಲೇ ಬಂದೋದಳಲ್ಲ."

ಬಾಗಿಲ ಬದಿಯಲ್ಲಿ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದ ಆಂಜಿನಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ಪೋನೀಲೇ, ಬಿಡು, ಹುಡುಗನ್ನ ಯಾಕಮ್ಮ ಅಷ್ಟು ಗೋಳು ಹುಯ್ಕೊಂತೀಯ?" ಎಂದವಳು ಅವನ ಕಡೆ ತಿರುಗಿದಳು. "ಆದ್ರೂ ಒಂದು ಮಾತು ಕಣಪ್ಪಾ. ಹುಳದ ಮೊಟ್ಟೆ ತರೋಕೆ ಹೋದ್ರೆ ನಾವು ಏನು ಕೇಳ್ತೀವಿ? ಈ ಕಾಲಕ್ಕೆ ಒಗ್ತೈತಾ, ನಮ್ಮ ಸೊಪ್ಪು ಸಾಲ್ತೈತಾ, ಕಡೇಗೆ ಗೂಡು ಗಟ್ಟಿ ಬರ್ತೈತಾ ಅಂತ. ಮೊಟ್ಟೆ ಮಾರೋನ ಮನೆ ಹತ್ರ ಐತೆ ಅಂತ ಯಾರಾನ ತರ್ತಾರಾ?"

ಆವುಲಪ್ಪ ತಲೆ ತಗ್ಗಿಸಿದ. ಮುದುಕಿಯ ಮಾತು ಬಂದು ತಾಗಿದ್ದು ಸರಿಯಾದ ಜಾಗಕ್ಕೇ.

ಹೋದ ವರ್ಷ ಇದೇ ಮನೆಯಲ್ಲಿ ಸುಣ್ಣಕಟ್ಟು ರೋಗ ಬಿದ್ದು, ತಟ್ಟೆ ತಟ್ಟೆ ಹುಳು ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಸೆಟೆದುಕೊಂಡಿದ್ದವು. ಅಜ್ಜಿ ಊರದೇವತೆ ಗಂಗಮ್ಮ ತಾಯಿಗೆ ಕೈ ಮುಗಿಯುತ್ತ ಅಳುತ್ತಿದ್ದಳು. ಮೊಮ್ಮಗಳು ಮಾತ್ರ ಸತ್ತ ಹುಳವೊಂದನ್ನು ಅಂಗೈಯಲ್ಲಿಟ್ಟುಕೊಂಡು, "ಇದರೊಳಗೆ ಏನು ನಡೀತೈತೆ ಮೇಷ್ಟ್ರೇ? ಯಾಕೆ ಕಲ್ಲಾಗ್ತೈತೆ?" ಎಂದು ಕೇಳಿದ್ದಳು. ತರಬೇತಿಯಲ್ಲಿ ಕಲಿತಷ್ಟನ್ನು ಹೇಳಿದ್ದ. ಅವಳು ಮತ್ತೂ ಕೇಳಿದಳು. "ಅದಕ್ಕಿಂತ ಮುಂದೆ ನಂಗೊತ್ತಿಲ್ಲಮ್ಮ. ನಾನು ಓದಿದ್ದು ಬಿ.ಎ. ರೂಮಿನ ಗೆಳೆಯ ಯಾವ ಫಾರಂ ತುಂಬಿದ್ನೋ ನಾನೂ ಅದನ್ನೇ ತುಂಬ್ದೆ" ಎಂದಿದ್ದ.

"ನಿಮಗೇನು ಇಷ್ಟ ಅಂತ ಯಾರೂ ಕೇಳ್ಲೇ ಇಲ್ವಾ?"

ಇಪ್ಪತ್ತನಾಲ್ಕು ವರ್ಷದ ಬಾಳಿನಲ್ಲಿ ಅವನನ್ನು ಹಾಗೆ ಕೇಳಿದವಳು ಅವಳೊಬ್ಬಳೇ. ಅಂದಿನಿಂದ ಬುಧವಾರಕ್ಕೂ ಶನಿವಾರಕ್ಕೂ ನಡುವಿನ ದಿನಗಳು ಉದ್ದವಾದವು. ಬರುವಾಗ ಸೈಕಲ್ಲಿಗೆ ಏರು ದಾರಿಯೂ ಇಳಿಜಾರು, ಹೋಗುವಾಗ ಇಳಿಜಾರೂ ಏರು. ಇಷ್ಟಾದರೂ ಬಾಯಿಬಿಟ್ಟು ಆಡಿದ್ದೆಲ್ಲ ಸೊಪ್ಪಿನ ಮಾತೇ.

"ಕೊಡಿಲ್ಲಿ ಆ ಹಾಳೆ" ಎಂದ.

ಪರದೆಯ ಸಂದಿಯಿಂದ ಹಾಳೆ ಹೊರಬಂತು. ಅದರ ಅಂಚಿನಲ್ಲಿ ಅವಳ ಬೆರಳಿನ ಹಸಿರು ಗುರುತಿತ್ತು. ಅದನ್ನು ಮುಟ್ಟದಂತೆ ಹಿಡಿದು, ಮಗುಚಿ, ತೊಡೆಯ ಮೇಲಿಟ್ಟುಕೊಂಡು ಬರೆದ. ಈ ಸಲ ಒಂದನ್ನೂ ಹೊಡೆದುಹಾಕಲಿಲ್ಲ.

ಪರೀಕ್ಷೆ ಇಲ್ಲ ಎಂದರೂ ನೀನು ಓದುವ ವಿಷಯ ಯಾವುದು? ಅಲ್ಲಿ ಮೈಕ್ರಾಸ್ಕೋಪನ್ನು ಹುಡುಗಿಯರ ಕೈಗೆ ಕೊಡುತ್ತಾರೆಯೇ, ದೂರದಿಂದ ತೋರಿಸಿ ಬೀರುವಿಗೆ ಸೇರಿಸುತ್ತಾರೆಯೇ? ಪಾಠವೆಲ್ಲ ಇಂಗ್ಲಿಷು, ತಲೆಗೆ ಹತ್ತದ ದಿನ ಯಾರನ್ನು ಕೇಳುವೆ? ಹಾಸ್ಟೆಲಿನಲ್ಲಿ ನಮ್ಮ ಜನಕ್ಕೂ ಎಲ್ಲರ ಪಂಕ್ತಿಯಲ್ಲೇ ಎಲೆ ಹಾಕುತ್ತಾರೆಯೇ? ಇದನ್ನು ಸೇರುವ ಮುಂಚೆಯೇ ಕೇಳು, ನಾಚಬೇಡ. ಸ್ಕಾಲರ್‌ಶಿಪ್ ಮೂರು ವರ್ಷವೂ ಬರುತ್ತದೆಯೇ? ಓದಿ ಹೊರಬಂದ ಮೇಲೆ ನಿನ್ನನ್ನು ಕರೆಯುವ ಕೆಲಸ ಯಾವುದು? ಬೇರೆ ಯಾರದೋ ಆಸೆಯನ್ನು ನಿನ್ನದೆಂದು ನಂಬಿಲ್ಲ ತಾನೆ?

ಹಾಳೆ ಒಳಗೆ ಹೋಯಿತು. ಸಾವಿರ ಸಾವಿರ ಹುಳು ಎಲೆ ಮೇಯುವ ಸದ್ದು ಮಾತ್ರ, ತಗ್ಗಿದ ದನಿಯ ಪಾರಾಯಣದ ಹಾಗೆ, ಎಡೆಬಿಡದೆ ಕೇಳುತ್ತಿತ್ತು.

"ಈ ಪಟ್ಟಿ ಹೋಗೋದು ಬೆಂಗಳೂರಿಗೆ" ಎಂದಳು.

"ಹೂಂ."

"ಹಂಗಾದ್ರೆ ಆ ಮೊದಲ್ನೇ ಪಟ್ಟಿ?"

ಆವುಲಪ್ಪ ಎದ್ದು ನಿಂತ. ಹೊಸ್ತಿಲು ಒಂದು ಮಾರು ದೂರವಿತ್ತು. "ಅದು ನನ್ನ ಪಟ್ಟಿ, ಗಂಗುಲಮ್ಮ. ಇದು ನಿಂದು."

ನಾಲ್ಕು ಬೆರಳಿನ ಸಂದಿ ಎರಡು ಬೆರಳಾಯಿತು. ಮುಚ್ಚಿಹೋಯಿತೆಂದು ಅವನು ಸೈಕಲ್ಲಿನ ಕಡೆ ತಿರುಗುವಷ್ಟರಲ್ಲಿ ಪರದೆ ಅರ್ಧಕ್ಕೆ ಸರಿಯಿತು. ಅವಳು ನಿಂತಿದ್ದಳು, ಕಣ್ಣು ನೆಲದ ಮೇಲೆ, ಕೆಳತುಟಿ ಹಲ್ಲಿನಡಿ.

"ವರ್ಷವೆಲ್ಲ ಸೊಪ್ಪು ಒದ್ದೆ, ಸೊಪ್ಪು ಬಾಡೈತೆ ಅಂತ ಇಷ್ಟೇ ಹೇಳ್ತಿದ್ರಲ್ಲ" ಎಂದಳು ಮೆಲ್ಲಗೆ. "ಬೇರೆ ಮಾತು ಬರಲ್ವೇನೋ ಅಂದ್ಕೊಂಡಿದ್ದೆ."

"ಬರ್ತಿತ್ತು. ಆಡೋಕೆ ಬಾಯಿ ಬರ್ಲಿಲ್ಲ."

ಅವಳು ಕಣ್ಣೆತ್ತಿದಳು. ಆ ನೋಟ ಇದ್ದದ್ದು ಅರೆಗಳಿಗೆ. ಆಮೇಲೆ ಹಸಿದ ಹುಳುಗಳ ಕಡೆಗೆ ಅವಳು ತಿರುಗಲೇಬೇಕಾಯಿತು.

ಶನಿವಾರ ಅವನು ಬಂದಾಗ ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆ ತಟ್ಟೆ ಏರಿ ಗೂಡು ಕಟ್ಟುತ್ತಿದ್ದವು. ಆ ಹೊತ್ತಿನಲ್ಲಂತೂ ಪರದೆ ಸರಿಸುವಂತೆಯೇ ಇಲ್ಲ. ಅದರ ಕೆಳಗಿನಿಂದ ಒಂದು ಕವರ್ ಮಾತ್ರ ಹೊರಬಂತು.

"ಚಿಂತಾಮಣಿ ಅಂಚೆ ಆಫೀಸಿಗೆ ಹಾಕ್ಬಿಡಿ. ಹಾಸ್ಟೆಲ್ ಫಾರಮ್ಮಲ್ಲಿ ಒಂದು ಕಡೆ ನಿಮ್ಮ ರುಜು ಬೇಕು. ಇಲ್ಲಿ ತೆಗೀಬೇಡಿ, ಅಲ್ಲೇ ಹಾಕಿ."

"ನನ್ನ ರುಜು ಯಾಕೆ?"

"ಹಾಕೋದು ಬಿಡೋದು ನಿಮ್ಮಿಷ್ಟ" ಎಂದಿತು ದನಿ.

ಅಂಚೆ ಆಫೀಸಿನ ಮರದ ಕಟ್ಟೆಯ ಮುಂದೆ ನಿಂತು ಅವನು ಕವರ್ ತೆರೆದ. ಡಿಗ್ರಿ: ಬಿ.ಎಸ್ಸಿ. ವಿಷಯ: ಪ್ರಾಣಿಶಾಸ್ತ್ರ. ಕೈಬರಹ ಎಲ್ಲಿಯೂ ತಡವರಿಸಿರಲಿಲ್ಲ. ಹಾಸ್ಟೆಲಿನ ಫಾರಮ್ಮು ಬೇರೆ ಇತ್ತು. ತಿಂಗಳ ಮೊದಲ ಭಾನುವಾರ ಹುಡುಗಿಯನ್ನು ನೋಡಲು ಬರಬಹುದಾದವರ ಹೆಸರು, ಸಂಬಂಧ, ರುಜು. ಮೊದಲ ಸಾಲಿನಲ್ಲಿ ಆಂಜಿನಮ್ಮ, ಅಜ್ಜಿ. ಎರಡನೆಯದರಲ್ಲಿ ಆವುಲಪ್ಪ.

ಸಂಬಂಧ ಎಂಬ ಕಡೆ ಅವಳು ಹೀಗೆ ಬರೆದಿದ್ದಳು: ನನ್ನ ಓದು ಮುಗಿಯುವವರೆಗೆ ಕಾಯುವವರು.

ಆ ಸಾಲಿನ ಪಕ್ಕದಲ್ಲೇ ನೀಲಿ ಶಾಯಿಯಲ್ಲಿ ಒಂದು ಹೆಬ್ಬೆಟ್ಟಿತ್ತು. ಓದಿಸಿ ಕೇಳದೆ ಯಾವ ಕಾಗದಕ್ಕೂ ಆಂಜಿನಮ್ಮ ಹೆಬ್ಬೆಟ್ಟು ಒತ್ತುವವಳಲ್ಲ.

ಕಟ್ಟೆಯ ಆಚೆಯಿಂದ ಗುಮಾಸ್ತ ಮುನಿಶಾಮಪ್ಪ ಕೂಗಿದ. "ಬೇಗ ಕೊಡಿ ಸಾರ್, ಚೀಲ ಕಟ್ಟಬೇಕು. ರುಜು ಹಾಕೋಕೆ ಎಷ್ಟೊತ್ತು?"

"ಮೂರು ವರ್ಷ" ಎಂದ ಆವುಲಪ್ಪ.

ಹೇಳಿದ್ದೇನೆಂದು ತನಗೇ ತಿಳಿಯುವ ಮೊದಲು ಲೇಖನಿಯನ್ನು ಶಾಯಿಯಲ್ಲಿ ಅದ್ದಿ, ಊರು, ತಂದೆಯ ಹೆಸರು ಎಲ್ಲವನ್ನೂ ಸೇರಿಸಿ, ತನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯತೊಡಗಿದ.