ಚನ್ನವೀರಪ್ಪನವರ ಗೇರು

ಗಜೇಂದ್ರಗಡದ ಗುಡ್ಡದ ಏರಿನಲ್ಲಿ ಚನ್ನವೀರಪ್ಪನವರು ಮೂರರಿಂದ ಎರಡಕ್ಕೆ ಗೇರು ಎಳೆದರು. ಕಾರು ಜಗ್ಗಿತು, ಗುಡುಗಿತು, ಏರಿತು. ಅವರ ಮುಖದ ಗತ್ತು ನೋಡಿದವರು, ಕಾರನ್ನು ಇವರೇ ಹೆಗಲ ಮೇಲೆ ಹೊತ್ತು ತಂದಿದ್ದಾರೆ ಎಂದುಕೊಳ್ಳಬೇಕು.

ಕಂಪನಿಗಳು ಗೇರಿನ ಕಾರು ಮಾಡುವುದನ್ನು ಬಿಟ್ಟು ಆಗಲೇ ಬಹಳ ವರ್ಷಗಳಾಗಿದ್ದವು. ಮೊದಲು ಗೇರು ಹೋಯಿತು, ಹಿಂದೆಯೇ ದೊಡ್ಡ ಎಂಜಿನ್ ಹೋಯಿತು, ಕೊನೆಗೆ ಹಾದಿ ಹಿಡಿಯುವ ಕೆಲಸವನ್ನೂ ಯಂತ್ರವೇ ವಹಿಸಿಕೊಂಡಿತು. ತೆಂಗಿನಕಾಯಿ ಗಾತ್ರದ ಎಂಜಿನ್ ಇಡೀ ಸಂಸಾರವನ್ನು ಸದ್ದಿಲ್ಲದೆ ಹೊತ್ತೊಯ್ಯುತ್ತಿತ್ತು. ಹೊಗೆ ನಿಂತಿತು, ಅಪಘಾತಗಳು ನಿಂತವು. ಆದರೆ ನಮ್ಮ ಗಂಡಸರ ಎಡಗೈಗೆ ಕೆಲಸವಿಲ್ಲದಂತಾಯಿತು. ಅಯ್ಯೋ ಪಾಪ, ಇಂಥ ಸಂಕಟ ವೈರಿಗೂ ಬೇಡ! ಮುನಿಸಿಕೊಂಡ ಗಂಡಸರು ಕಾರು ಕೊಳ್ಳುವುದನ್ನೇ ಬಿಟ್ಟಾಗ, ಕಂಪನಿ ತನ್ನ ವಿಜ್ಞಾನಿ ಡಾ. ವಸುಂಧರಾ ಅವರ ಮೊರೆಹೋಯಿತು. ಅವರು ರೂಪಿಸಿದ ಸಾಧನಕ್ಕೆ ಪ್ರಯೋಗಾಲಯದಲ್ಲಿ ‘ತೃಪ್ತಿಸನ್ನೆ’ ಎಂದು ಹೆಸರು. ಅಂಗಡಿಯಲ್ಲಿ ಮಾತ್ರ ಅದು ಗೇರು. ಹಾದಿ ಯಂತ್ರದ್ದು, ಗೇರು ನಿಮ್ಮದು ಎಂದು ಜಾಹೀರಾತು ಬಂದದ್ದೇ ತಡ, ಚನ್ನವೀರಪ್ಪನವರು ಓಡಿಹೋಗಿ ಕೊಂಡರು.

ಅವರ ಕಷ್ಟ ಅವರಿಗೆ. ಗದಗಿನ ಬಟ್ಟೆ ಅಂಗಡಿ ಮಗನ ಕೈಗೆ ಹೋಗಿತ್ತು. ಮನೆ ಮೊದಲಿನಿಂದಲೂ ಹೆಂಡತಿ ನೀಲವ್ವನ ಕೈಯಲ್ಲೇ ಇತ್ತು. ಅವರ ಮಾತು ನಡೆಯುತ್ತಿದ್ದದ್ದು ಕಾರಿನಲ್ಲಿ ಮಾತ್ರ. ನೀಲವ್ವ ಒಮ್ಮೆ ಕುತೂಹಲಕ್ಕೆ ಗೇರು ಮುಟ್ಟಲು ಹೋದಾಗ, ಇದು ಹೆಂಗಸರ ಕೈಗೆ ಬಗ್ಗುವುದಲ್ಲ ಎಂದು ತಡೆದಿದ್ದರು.

ಗುಡ್ಡದ ಮುಂದಿನ ತಿರುವಿನಲ್ಲಿ ಅವರು ಇನ್ನಷ್ಟು ಹುರುಪಿನಿಂದ ಎಳೆದರು. ಗೇರು ಮೂಲಂಗಿಯಂತೆ ಕಿತ್ತು ಕೈಗೆ ಬಂತು. ಗುಡುಗು ನಿಂತಿತು. ಕಾರು ಮಾತ್ರ ಏನೂ ಆಗದಂತೆ ತಿರುವು ದಾಟಿ ಗುಡ್ಡ ಏರಿತು. ಪುಣ್ಯಕ್ಕೆ ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮರುದಿನ ಅವರು ಗೇರನ್ನು ಚೀಲದಲ್ಲಿ ಹಾಕಿಕೊಂಡು ವಸುಂಧರಾ ಅವರ ಮುಂದೆ ಕೂತರು. ವಿಜ್ಞಾನಿ ಪಾಠ ಹೇಳುವಂತೆ ಸಮಾಧಾನವಾಗಿ ವಿವರಿಸಿದರು. ಈ ಸನ್ನೆಕೋಲಿಗೂ ಎಂಜಿನ್ನಿಗೂ ಯಾವ ಸಂಬಂಧವೂ ಇಲ್ಲ. ಸೀಟಿನಡಿ ಒಂದು ಗರ್ಜನಾಪೆಟ್ಟಿಗೆ ಇದೆ, ಅದು ಹಳೆಯ ಲಾರಿಯ ಸದ್ದು ಮಾಡುತ್ತದೆ. ಪಕ್ಕದಲ್ಲೊಂದು ಕುಲುಕುಯಂತ್ರ. ಎಷ್ಟು ಒರಟಾಗಿ ಎಳೆದರೆ ಅಷ್ಟು ಜಗ್ಗು.

“ಅಂದ್ರ ಇಷ್ಟು ದಿನ ಕಾರು ಯಾರು ಓಡಸ್ತಿದ್ರು, ಮೇಡಂ?”

“ಕಾರು ತಾನೇ ಓಡುತ್ತಿತ್ತು. ನೀವು ಸಂತೋಷವಾಗಿದ್ದಿರಿ. ನಾವು ಮಾರಿದ್ದು ಅದನ್ನೇ.”

ಕೂಗಾಡಬೇಕೆನಿಸಿತು. ಕೂಗಾಡಿದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ! ಚನ್ನವೀರಪ್ಪನವರು ದನಿ ತಗ್ಗಿಸಿ, ಇದನ್ನು ಮತ್ತೆ ಕೂಡಿಸಿಕೊಡಿ, ಮನೆಯಲ್ಲಿ ಮಾತ್ರ ತಿಳಿಯಬಾರದು ಎಂದು ಬೇಡಿಕೊಂಡರು. ಬಂದವರೆಲ್ಲ ಇದನ್ನೇ ಕೇಳುತ್ತಾರೆ ಎಂದರು ವಸುಂಧರಾ.

ಗೇರು ಮತ್ತೆ ಕೂತಿತು, ಗುಟ್ಟು ಉಳಿಯಿತು. ಅಷ್ಟರಲ್ಲಿ ಚನ್ನವೀರಪ್ಪನವರ ಕಣ್ಣಿನ ಪೊರೆ ತೆಗೆದರು. ಕೆಲವು ದಿನ ಕಾರಿನ ತಂಟೆಗೆ ಹೋಗಬೇಡಿ ಎಂದರು ಡಾಕ್ಟರು. ನೀಲವ್ವನ ತಂಗಿಯ ಗೃಹಪ್ರವೇಶವೋ ರೋಣದಲ್ಲಿ, ಅದೇ ವಾರ. ನೀಲವ್ವ ಸೆರಗು ಸಿಕ್ಕಿಸಿಕೊಂಡು ಗಂಡನ ಸೀಟಿನಲ್ಲಿ ಕೂತೇಬಿಟ್ಟಳು. ಅನುಭವ ಬೇಕು, ಭುಜದಲ್ಲಿ ಬಲ ಬೇಕು, ಎಂಜಿನ್ನಿನ ನಾಡಿ ತಿಳಿಯಬೇಕು ಎಂದು ಚನ್ನವೀರಪ್ಪನವರು ನಿಜವೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದರು.

“ಇಷ್ಟು ವರ್ಷ ಬಾಜೂಕ ಕೂತು ನೋಡೇನಿ. ಬರತೈತಿ, ಸುಮ್ಮನ ಹತ್ರಿ,” ಎಂದಳು ನೀಲವ್ವ.

ಬಂತು. ಅವಳು ಗೇರನ್ನು ಮೆಲ್ಲಗೆ ಸರಿಸುತ್ತಿದ್ದಳು, ಜಗ್ಗೇ ಇರಲಿಲ್ಲ. ಹಿಂದೆ ಕೂತ ಸೊಸೆ, ಈ ಕಾರಿನಲ್ಲಿ ಮೊದಲ ಸಲ ಹೊಟ್ಟೆ ತೊಳೆಸಲಿಲ್ಲ ಎಂದಳು. ಮೊಮ್ಮಗಳು, ಇನ್ನು ಮೇಲೆ ಅಜ್ಜಿಯೇ ಓಡಿಸಲಿ ಎಂದು ತೀರ್ಪು ಕೊಟ್ಟಳು. ನೀಲವ್ವನ ಮುಖ ಅರಳಿತು. ಮುಂದಿನ ವಾರ ಒಬ್ಬಳೇ ತವರಿಗೆ ಹೋಗಿಬರುವುದಾಗಿ ಸಾರಿದಳು.

ಚನ್ನವೀರಪ್ಪನವರಿಗೆ ಇದನ್ನು ಸಹಿಸಲಾಗಲಿಲ್ಲ. ಅದು ಬರೀ ಕೋಲು ಎಂದರೆ ಸಾಕು, ಅವಳ ಮೆರೆದಾಟ ಮುಗಿಯುತ್ತಿತ್ತು. ಆದರೆ ಅವಳನ್ನು ಕುದುರೆಯಿಂದ ಇಳಿಸಬೇಕಾದರೆ ಮೊದಲು ತಾವೇ ಇಳಿಯಬೇಕು.

ಎದುರಿಗೆ ಸೇತುವೆಯ ಏರು ಬಂತು. ನೀಲವ್ವ ಗೇರಿನ ಮೇಲೆ ಕೈಯಿಟ್ಟು, ಮದುವೆಯಾದಾಗಿನಿಂದ ಎಂದೂ ಇಲ್ಲದ ವಿನಯದಿಂದ ಗಂಡನ ಕಡೆ ತಿರುಗಿದಳು.

“ಇಲ್ಲಿ ಎಷ್ಟನೇದು ಹಾಕ್ಲಿರಿ?”

ಕಾರು ಆಗಲೇ ಅರ್ಧ ಏರು ಹತ್ತಿತ್ತು.

“ಎರಡಕ್ಕ ಹಾಕು,” ಎಂದರು ಚನ್ನವೀರಪ್ಪನವರು, ಕಣ್ಣಿನ ಪಟ್ಟಿ ಸರಿಮಾಡಿಕೊಳ್ಳುತ್ತ. “ಸಾವಕಾಶ.”