ಇಪ್ಪತ್ತೈದು ಅಡಿಯ ಸೈಟುಗಳು

ಫೌಸ್ಟೊ ಕೌಂಟರಿನ ಮುಂದೆ ಬಂದು ನಿಂತಾಗ ಡೆಲ್ಫೀನಾ ತಲೆ ಎತ್ತಲಿಲ್ಲ. ಆ ಬೂಟುಗಳ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಮ್ಮ ಲೇಔಟ್ ಕೈಬಿಟ್ಟಿರಂತೆ," ಎಂದ ಅವನು.

"ಹೌದು. ಇನ್ಮೇಲೆ ನಮ್ಮ ಆಫೀಸಿನ ಹಾಜಸ್ ನೋಡ್ತಾರೆ."

"ಹಾಜಸ್‌ಗೆ ಇಪ್ಪತ್ತೈದು ಅಡಿ ಸೈಟು ಅಂದ್ರೆ ಬೆಂಕಿಪೊಟ್ಟಣ. ನಿಮಗದು ಗೊತ್ತು."

"ಗೊತ್ತು."

"ಗೊತ್ತಿದ್ದೂ ಬಿಟ್ರಾ?"

ಟೂಸಾನ್ ನಗರದ ಆಚೆಗಿನ ಆ ಸಣ್ಣ ಊರಿನಲ್ಲಿ ಅವಳು ನಗರ ಯೋಜನಾಧಿಕಾರಿ. ಅವನು ವಸತಿ ಸಂಘವೊಂದಕ್ಕೆ ಮನೆ ಕಟ್ಟಿಸುವವನು. ಹಳೆಯ ಹತ್ತಿ ಗೋದಾಮಿನ ಜಾಗದಲ್ಲಿ ಇಪ್ಪತ್ತು ಪುಟ್ಟ ಮನೆಗಳನ್ನು ಎಬ್ಬಿಸುವುದು ಸಂಘದ ಯೋಜನೆ. ಶಾಲೆಯ ಅಡುಗೆಯವರೂ ಬಸ್ ಓಡಿಸುವವರೂ ಕೊಳ್ಳಬಲ್ಲಂಥ, ಸ್ವಂತ ಗೋಡೆ, ಸ್ವಂತ ಅಂಗಳದ ಮನೆಗಳು. ಎರಡು ವರ್ಷದಿಂದ ಇಬ್ಬರೂ ಒಂದೇ ನಕ್ಷೆಯ ಮೇಲೆ ಬಗ್ಗಿ ಜಗಳವಾಡಿದ್ದರು. ಕಿಟಕಿಗೆ ಕಿಟಕಿ ಎದುರಾಗಬಾರದು ಎಂದು ಅವಳ ಹಟ. ಮುಂಬಾಗಿಲಿಗೆ ಪಡುವಣ ಬಿಸಿಲು ಹೊಡೆಯಬಾರದು ಎಂದು ಅವನ ಹಟ. ಇಬ್ಬರೂ ಐವತ್ತರ ಹತ್ತಿರದವರು. ಅವನ ಹೆಂಡತಿ ತೀರಿಕೊಂಡಿದ್ದಳು, ಅವಳ ಗಂಡ ಬಿಟ್ಟುಹೋಗಿದ್ದ. ಮನೆಗೆ ಹೋಗುವ ಆತುರ ಇಬ್ಬರಿಗೂ ಇರಲಿಲ್ಲ.

"ಹೊರಗೆ ಬನ್ನಿ," ಎಂದಳು ಡೆಲ್ಫೀನಾ.

ಕಚೇರಿಯ ಹಿಂದಿನ ಗೋಡೆಯ ನೆರಳಿನಲ್ಲಿ ನಿಂತರು.

"ಈ ಮನೆಗಳು ಬೇಡ ಅಂತ ಪಕ್ಕದ ಬೀದಿಯವರು ಕೋರ್ಟಿಗೆ ಹೋಗ್ತೀವಿ ಅಂತಿದಾರೆ. ನಾನು ಒಪ್ಪಿಗೆ ಕೊಟ್ರೆ ಅವರ ಲಾಯರ್ ಒಂದೇ ಪ್ರಶ್ನೆ ಕೇಳ್ತಾನೆ."

"ಏನಂತ?"

"ಈ ಮನುಷ್ಯ ನಿಮಗೇನಾಗಬೇಕು ಅಂತ."

"ಏನೂ ಆಗಬೇಕಿಲ್ಲ ಅನ್ನಿ. ನಾವು ಜೊತೇಲಿ ಒಂದು ಕಾಫೀನೂ ಕುಡಿದಿಲ್ಲ."

"ಪ್ರಮಾಣ ಮಾಡಿ ಸುಳ್ಳು ಹೇಳೋಕೆ ನಂಗೆ ಬರಲ್ಲ, ಫೌಸ್ಟೊ."

ಅವನು ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಅವಳನ್ನು ನೋಡಿದ, ನೋಡಲಾರದೆ ಪಾರ್ಕಿಂಗಿನ ಕಡೆ ತಿರುಗಿದ. ಆದರೂ ಅವನ ಕಿವಿ ಕೆಂಪಗಾದದ್ದು ಅವಳಿಗೆ ಕಂಡಿತು.

"ಇದು ಬೇರೆ ಯಾರಿಗೆ ಗೊತ್ತು?"

"ನಮ್ಮ ಬಾಸ್‌ಗೆ. ಕಾರಣ ಹೇಳದೆ ಬಿಡೋ ಹಾಗಿಲ್ಲ. ಈಗ ಇಡೀ ಮಹಡಿಗೆ ಗೊತ್ತು."

"ನಂಗೇ ಕೊನೇಗೆ."

"ನೀವು ಬರೀ ಮೋರಿ ವಿಷಯ ಕೇಳ್ತಿದ್ರಿ."

ಅವನು ನಕ್ಕ. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಮನೆಗಳು ಕಮ್ಮಿಯಾದ್ರೆ?"

"ಆಗಬಹುದು," ಎಂದಳು. ಅವನು ಟ್ರಕ್ಕಿನ ಕಡೆ ನಡೆದ.

ಮನೆಗಳು ಕಮ್ಮಿಯಾದವು. ಮೂವತ್ತು ಅಡಿಗಿಂತ ಕಿರಿದಾದ ಸೈಟಿಗೆ ಹಾಜಸ್ ಒಪ್ಪಲಿಲ್ಲ. ಇಪ್ಪತ್ತರಲ್ಲಿ ಹದಿನಾರು ಉಳಿದವು. ಸಭೆಯಲ್ಲಿ ಯೋಜನೆ ಪಾಸಾಯಿತು. ವಿರೋಧಿಗಳ ಲಾಯರಿಗೆ ಹಿಡಿದು ಜಗ್ಗಲು ಏನೂ ಸಿಗಲಿಲ್ಲ.

ಮನೆ ಕೈತಪ್ಪಿದ ನಾಲ್ಕು ಕುಟುಂಬಗಳಿಗೆ ಸುದ್ದಿ ತಿಳಿಸಲು ಫೌಸ್ಟೊ ತಾನೇ ಹೋದ. ಶಾಲೆಯಲ್ಲಿ ಅಡುಗೆ ಮಾಡುವ ಗ್ರೇಸಿಯೆಲಾ ಅಳಲಿಲ್ಲ. ಅವನಿಗೆ ಊಟಕ್ಕಿಟ್ಟು, ಮಕ್ಕಳ ರೂಮಿಗೆಂದು ಆರಿಸಿಟ್ಟಿದ್ದ ಬಣ್ಣವನ್ನು ಬೇರೆ ಯಾರಾದರೂ ಬಳಸಲಿ ಎಂದಳು. ಅವನು ತಟ್ಟೆಯನ್ನು ಹಾಗೇ ಬಿಟ್ಟು ಎದ್ದ.

ಅಲ್ಲಿಂದ ಅವನು ಗೋದಾಮಿನ ಜಾಗಕ್ಕೆ ಬಂದಾಗ ಸಂಜೆ ಬಿಸಿಲು ಇಳಿಯುತ್ತಿತ್ತು. ಡೆಲ್ಫೀನಾ ಬುರಿಟೊ ಪೊಟ್ಟಣ ಹಿಡಿದು ತನ್ನ ಕಾರಿಗೆ ಒರಗಿ ನಿಂತಿದ್ದಳು.

"ನೀವಿದ್ದಿದ್ರೆ ಇಪ್ಪತ್ತೂ ಉಳೀತಿತ್ತು," ಎಂದ.

"ಉಳೀತಿತ್ತು. ಆಮೇಲೆ ಕೋರ್ಟಲ್ಲಿ ಇಪ್ಪತ್ತೂ ಹೋಗ್ತಿತ್ತೇನೋ. ನಂಗೂ ಗೊತ್ತಿಲ್ಲ." ಅವನ ಕಡೆ ತಿರುಗಿ ಕೇಳಿದಳು, "ನನ್ನ ಮೇಲೆ ಕೋಪಾನಾ?"

"ಇತ್ತು. ಈಗ ಅದಕ್ಕೂ ಶಕ್ತಿ ಇಲ್ಲ. ಸುಸ್ತಾಗಿದೆ, ಡೆಲ್ಫೀನಾ."

"ನಂಗೂ."

ಅವನು ಬಂದು ಪಕ್ಕದಲ್ಲೇ ಕಾರಿಗೆ ಒರಗಿದ. ಇಬ್ಬರ ತೋಳುಗಳೂ ತಾಗಿದವು, ಯಾರೂ ಸರಿಯಲಿಲ್ಲ. ಅವಳು ಪೊಟ್ಟಣ ಬಿಚ್ಚಿ ಅರ್ಧ ಮುರಿದು ಅವನ ಕೈಗಿತ್ತಳು.

"ತಿನ್ನು."

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಆಮೇಲೆ ವಿಧೇಯನಾಗಿ ತಿಂದ.

"ಆ ನಾಲ್ಕು ಮನೆಗೆ ಬೇರೆ ಜಾಗ ಹುಡುಕ್ತೀನಿ," ಎಂದ. "ಹೊಸ ನಕ್ಷೆ ತಗೊಂಡು ನಿನ್ನ ಹತ್ರಾನೇ ಬರ್ತೀನಿ. ಹಾಜಸ್ ಜೊತೆ ಜಗಳಕ್ಕೆ ರುಚಿನೇ ಇಲ್ಲ."

"ಜಾಗ ಹುಡುಕು. ನಕ್ಷೆ ಮಾತ್ರ ನನ್ನ ಹತ್ರ ತರಬೇಡ. ನಿನ್ನ ಕೆಲಸ ನಾನಿನ್ನು ಮುಟ್ಟೋ ಹಾಗಿಲ್ಲ."

"ಎಷ್ಟು ದಿನ?"

ಡೆಲ್ಫೀನಾ ದಣಿದ ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು.

"ಯಾವತ್ತಿಗೂ," ಎಂದಳು.